ಲುಂಗಿ, ಘಾಟಿ ಮತ್ತು ನಾವು

"ಮರಾಠಿಗರಿಗೆ ನಮ್ಮನ್ನು ಕಂಡರಾಗದು, ಅದು ಅವರ ಸ್ವಭಾವ." ಭಾಂಡುಪಿನ ಕನ್ನಡ ಮನೆಗಳಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸ್ವಭಾವ ಅಂದುಬಿಟ್ಟರೆ ಯೋಚನೆ ಮಾಡುವ ಕೆಲಸ ಮುಗಿಯಿತು. ಆದರೆ ದ್ವೇಷವನ್ನು ಯಾರೂ ಹೊಟ್ಟೆಯಿಂದ ತರುವುದಿಲ್ಲ. ಅದಕ್ಕೊಂದು ಚರಿತ್ರೆಯಿರುತ್ತದೆ, ಲಾಭ ಪಡೆಯುವವರೂ ಇರುತ್ತಾರೆ.

1960ರ ಮೇ 1ರಂದು ಮಹಾರಾಷ್ಟ್ರ ಹುಟ್ಟಿತು. ನೂರಕ್ಕೂ ಹೆಚ್ಚು ಜನ ಪ್ರಾಣ ಕೊಟ್ಟು ಮುಂಬಯಿಯನ್ನು ಪಡೆದರು. ಊರು ಸಿಕ್ಕಿತು, ನೌಕರಿ ಸಿಗಲಿಲ್ಲ. 1961ರ ಜನಗಣತಿಯ ಪ್ರಕಾರ ನಗರದಲ್ಲಿ ಮರಾಠಿ ಮಾತಾಡುವವರು ಅರ್ಧಕ್ಕಿಂತ ಕಡಿಮೆ. ಬಂಡವಾಳ ಬಹುಮಟ್ಟಿಗೆ ಗುಜರಾತಿ, ಮಾರವಾಡಿ, ಪಾರಸಿಗಳದ್ದು. ಮ್ಯಾಟ್ರಿಕ್ ಮುಗಿಸಿ ಕೆಲಸ ಹುಡುಕಿ ಹೋದ ಮರಾಠಿ ಹುಡುಗನಿಗೆ ಕಂಡದ್ದು ಮಾಲೀಕನಲ್ಲ, ಟೈಪ್‌ರೈಟರಿನ ಮುಂದೆ ಕೂತಿದ್ದ ದಕ್ಷಿಣದ ಗುಮಾಸ್ತ. 'ಮಾರ್ಮಿಕ್' ವಾರಪತ್ರಿಕೆ ಕಂಪನಿಗಳಲ್ಲಿದ್ದ ಪರಭಾಷಿಕರ ಹೆಸರಿನ ಪಟ್ಟಿಗಳನ್ನು ಅಚ್ಚುಹಾಕಿತು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. 'ಹಟಾವ್ ಲುಂಗಿ, ಬಜಾವ್ ಪುಂಗಿ' ಬೀದಿಗೆ ಬಂತು. ಹುಡುಗನ ಹೊಟ್ಟೆಯ ಸಂಕಟ ನಿಜವಾದದ್ದೇ. ಬೆರಳು ತೋರಿಸಿದ ದಿಕ್ಕು ಮಾತ್ರ ಬೇರೆ.

1967ರಲ್ಲಿ ಮಹಾಜನ ಆಯೋಗ ಬೆಳಗಾವಿ ಮೈಸೂರು ರಾಜ್ಯದಲ್ಲೇ ಇರಲಿ ಎಂದಿತು. 1969ರ ಫೆಬ್ರವರಿಯಲ್ಲಿ ಗಡಿ ಪ್ರಶ್ನೆಯ ಮೇಲೆ ಮುಂಬಯಿ ಹೊತ್ತಿಕೊಂಡು ಐವತ್ತಕ್ಕೂ ಹೆಚ್ಚು ಜನ ಸತ್ತರು. ಉಡುಪಿ ಹೋಟೆಲುಗಳ ಗಾಜು ಒಡೆಯಿತು. ಅಲ್ಲಿ ಕಪ್ಪು-ಬಸಿ ತೊಳೆಯುತ್ತಿದ್ದ ಕುಂದಾಪುರದ, ಕಾರ್ಕಳದ ಹುಡುಗರಲ್ಲಿ ಬೆಳಗಾವಿಯನ್ನು ಕಣ್ಣಿಂದ ಕಂಡವರು ಎಷ್ಟು ಮಂದಿ? ಎಷ್ಟೋ ಜನರ ಮನೆಮಾತು ಕನ್ನಡವೇ ಅಲ್ಲ, ತುಳು. ಕಲ್ಲು ಹೊಡೆಯುವವನು ವಿಳಾಸ ಕೇಳುವುದಿಲ್ಲ.

ಇದು ನಮ್ಮೂರಿನ ಕತೆ ಮಾತ್ರವಲ್ಲ. ಕೆರಿಬಿಯನ್ ಸಮುದ್ರದಲ್ಲಿ ಒಂದೇ ದ್ವೀಪದ ಮೇಲೆ ಎರಡು ದೇಶಗಳಿವೆ, ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯ. 1822ರಿಂದ 1844ರವರೆಗೆ ಹೈಟಿಯವರು ಇಡೀ ದ್ವೀಪವನ್ನಾಳಿದ್ದರು. ಡೊಮಿನಿಕನ್ನರು ಆ ನೆನಪನ್ನು ಇನ್ನೂ ಬಿಟ್ಟಿಲ್ಲ, ಅವರ ಸ್ವಾತಂತ್ರ್ಯದಿನವೇ ಹೈಟಿಯಿಂದ ಬಿಡುಗಡೆಯಾದ ದಿನ. ಆಮೇಲೆ ಕಬ್ಬು ಕಡಿಯಲು ಅಗ್ಗದ ಕೂಲಿ ಬೇಕಾದಾಗ ಅದೇ ಹೈಟಿಯವರನ್ನು ಕರೆತಂದರು. 1937ರ ಅಕ್ಟೋಬರಿನಲ್ಲಿ ಸರ್ವಾಧಿಕಾರಿ ಟ್ರುಹಿಯೋನ ಸೈನಿಕರು ಗಡಿಯಲ್ಲಿ ಸಾವಿರಾರು ಹೈಟಿಯವರನ್ನು ಕೊಂದರು. ಕೊತ್ತಂಬರಿಯಂಥ ಒಂದು ಸೊಪ್ಪು ಹಿಡಿದು ಅದರ ಸ್ಪ್ಯಾನಿಷ್ ಹೆಸರು ಕೇಳುತ್ತಿದ್ದರಂತೆ, ನಾಲಿಗೆ ತೊಡರಿದವನು ಸತ್ತ. ದೊಡ್ಡ ಕಬ್ಬಿನ ತೋಟಗಳ ಒಳಗಿದ್ದ ಕೂಲಿಗಳನ್ನು ಮಾತ್ರ ಬಹುಮಟ್ಟಿಗೆ ಮುಟ್ಟಲಿಲ್ಲ. ಕಬ್ಬು ಕಡಿಯಬೇಕಿತ್ತಲ್ಲ! 2013ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ದಾಖಲೆಯಿಲ್ಲದ ವಲಸೆಗಾರರಿಗೆ 1929ರಿಂದೀಚೆ ಅಲ್ಲೇ ಹುಟ್ಟಿದ ಮಕ್ಕಳೂ ಪೌರರಲ್ಲ ಎಂದಿತು.

ಓದುತ್ತಾ ಅಯ್ಯೋ ಪಾಪ ಅನ್ನುತ್ತೇವೆ. ಸರಿ, ನಮ್ಮ ಮಾತಿಗೆ ಬರೋಣ. ಮರಾಠಿಯವರನ್ನು ನಾವು ಮನೆಯೊಳಗೆ ಏನೆಂದು ಕರೆಯುತ್ತೇವೆ? 'ಘಾಟಿ'. ಅದೇನು ಪ್ರೀತಿಯ ಮಾತಲ್ಲ. ಬೆಳಗ್ಗೆ ನಾಕಾದಲ್ಲಿ ಪಿಕಾಸಿ, ಬುಟ್ಟಿ ಹಿಡಿದು ಕೂಲಿಗೆ ಕಾಯುವ ಕಲಬುರ್ಗಿ, ವಿಜಾಪುರ ಕಡೆಯ ಹೆಂಗಸರು ಆಡುವುದು ಅಪ್ಪಟ ಕನ್ನಡ. ಅವರನ್ನು ನಮ್ಮ ಎಷ್ಟು ಸಂಘಗಳು ಯುಗಾದಿಗೆ ಕರೆದಿವೆ? 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಲ್ಲಿ ಬೆಂಗಳೂರಿನಲ್ಲಿ ತಮಿಳು ಕೂಲಿಗಳ ಗುಡಿಸಲು ಸುಟ್ಟಾಗ ಕಲ್ಲು ಇದ್ದದ್ದು ನಮ್ಮವರ ಕೈಯಲ್ಲಿ. 2008ರಲ್ಲಿ ಇಲ್ಲಿ ರೈಲ್ವೆ ಪರೀಕ್ಷೆಗೆ ಬಂದ ಉತ್ತರದ ಹುಡುಗರನ್ನು ಹೊಡೆದರು. ಲುಂಗಿಯ ಜಾಗಕ್ಕೆ 'ಭಯ್ಯಾ' ಬಂದಿದ್ದ. "ಇವ್ರು ಜಾಸ್ತಿ ಆದ್ರು ಬಿಡಿ" ಅಂತ ಚಹಾ ಕುಡಿಯುತ್ತಾ ತಲೆಯಾಡಿಸಿದ ನಮ್ಮವರನ್ನು ನಾನೇ ನೋಡಿದ್ದೇನೆ.

1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಗಿರಣಿಗಳು ಮುಚ್ಚುವಾಗ ಯಾರ ಮಾತೃಭಾಷೆಯನ್ನೂ ಕೇಳಲಿಲ್ಲ. ಕೊಂಕಣದವನೂ ಹೋದ, ತೆಲುಗಿನವನೂ ಹೋದ, ನಮ್ಮವನೂ ಹೋದ. ಗಿರಣಿ ಜಾಗದಲ್ಲಿ ಎದ್ದ ಗಾಜಿನ ಕಟ್ಟಡಗಳ ಒಡೆಯರ ಹೆಸರಿನ ಪಟ್ಟಿಯನ್ನು ಅಚ್ಚುಹಾಕಿ ಯಾರೂ ಬೀದಿಗಿಳಿಯಲಿಲ್ಲ.

ನಮ್ಮ ಸಂಘ ಮರಾಠಿ ವಾಙ್ಮಯ ಮಂಡಳದ ಜೊತೆ ಒಂದು ಬೈಠಕ್ ಇಟ್ಟುಕೊಳ್ಳಬೇಕು ಅನ್ನುವುದು ನನ್ನ ಸಲಹೆ. ಹಾರ-ತುರಾಯಿ, ಭಾವೈಕ್ಯದ ಭಾಷಣ ಬೇಡವೇ ಬೇಡ. ವಿಷಯ 1969ರ ಫೆಬ್ರವರಿ ಅಂತಲೇ ಇರಲಿ. ಆ ದಿನಗಳಲ್ಲಿ ತಮ್ಮ ಮನೆಯ ಹಿರಿಯರು ಎಲ್ಲಿದ್ದರು, ಏನು ಮಾಡುತ್ತಿದ್ದರು ಅಂತ ಅವರೂ ನಾವೂ ಕೇಳಿ ಬರೆದುಕೊಂಡು ಬರೋಣ. ಕಾರ್ಯದರ್ಶಿಗಳು ದಿನ ಗೊತ್ತುಮಾಡಲಿ.