ಯಂತ್ರಕ್ಕೂ ಉಸಿರು ಬೇಕು

ಈ ಅಂಕಣದಲ್ಲಿ ಯಂತ್ರಗಳ ಮಾತನ್ನೆತ್ತಿದಾಗಲೆಲ್ಲ ವಾಚಕರಲ್ಲಿ ಕೆಲವರು ಪುಟ ತಿರುವಿ ಧಾರಾವಾಹಿಯ ಕಡೆಗೆ ಹೋಗಿಬಿಡುವರೆಂಬುದನ್ನು ನಾನು ಬಲ್ಲೆನು. ಆದರೆ ಈ ವಾರ ಹೇಳಹೊರಟಿರುವುದು ಯಂತ್ರದ ಕಥೆಯಾಗಿರುವಷ್ಟೇ ಮನೆಯ ಕಥೆಯೂ ಆಗಿದೆ. ಅದರಲ್ಲಿ ಅಪರಾಧಿಯೊಬ್ಬನಿದ್ದಾನೆ. ಅವನು ಯಾರೆಂಬುದನ್ನು ಕೊನೆಯಲ್ಲಿ ಹೇಳುವೆನು, ಅಲ್ಲಿಯವರೆಗೆ ತಾಳ್ಮೆಯಿರಲಿ.

ಕಳೆದ ಮೇ ತಿಂಗಳಿನಲ್ಲಿ ಅಕ್ಕನ ಮನೆಗೆಂದು ಕಲಬುರಗಿಗೆ ಹೋಗಿದ್ದೆನು. ಮೇ ತಿಂಗಳಿನ ಕಲಬುರಗಿಯನ್ನು ಕಂಡವರಿಗೆ ಹೆಚ್ಚು ವರ್ಣಿಸಬೇಕಾಗಿಲ್ಲ. ಹೊರಗೆ 40 ಡಿಗ್ರಿಯನ್ನು ದಾಟಿದ ಬಿಸಿಲು. ಒಳಗೆ 36 ಡಿಗ್ರಿಯ ಧಗೆ. ಆದರೆ ಅಂದು ಆ ಮನೆಯಲ್ಲಿ ಬಿಸಿಲಿಗಿಂತಲೂ ಬಿಸಿಯಾಗಿದ್ದವರು ನನ್ನ ಭಾವನವರು.

ಕಾರಣ ಇಷ್ಟು. ನನ್ನ ಸೋದರಳಿಯನು ಎರಡು ವರ್ಷಕಾಲ ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಸಿದ ಹಣದಿಂದ ಆಟವಾಡುವುದಕ್ಕೆ ತಕ್ಕಂತಹ ಕಂಪ್ಯೂಟರೊಂದನ್ನು ಕೊಂಡಿದ್ದನು. ಅದು ಈಗ ಆಟ ಆರಂಭಿಸಿ ಕಾಲು ಗಂಟೆಯಾಗುವಷ್ಟರಲ್ಲಿ ಹಿಟ್ಟಿನ ಗಿರಣಿಯಂತೆ ಮೊರೆಯುತ್ತಿತ್ತು. ಪರದೆಯ ಮೇಲಿನ ಚಿತ್ರವು ಬಿಕ್ಕಳಿಸುತ್ತಿತ್ತು. ಅಂಗಡಿಯವನನ್ನು ಕೇಳಿದರೆ, ನೀರು ಹರಿಯಿಸಿ ತಣಿಸುವ ಹೊಸ ಉಪಕರಣವನ್ನು ಹಾಕಿಸಬೇಕು, ಹದಿನೈದು ಸಾವಿರ ರೂಪಾಯಿ ಆಗುವುದೆಂದನಂತೆ.

"ಆಟ ಆಡಿ ಆಡಿ ಮಷೀನ್ ಸುಟ್ಟಾನ. ಇನ್ನ ಅದಕ್ಕ ಒಂದು ರೂಪಾಯಿ ಹಾಕೂದಿಲ್ಲ. ಐತವಾರ ಒಬ್ಬಾವ ಬಂದು ನೋಡತಾನ, ಬಂದಷ್ಟಕ್ಕ ಕೊಟ್ಟುಬಿಡೂದು," ಎಂದು ಭಾವನವರು ತೀರ್ಪು ಕೊಟ್ಟಿದ್ದರು. ಹುಡುಗನು ತುಟಿ ಬಿಚ್ಚಲಿಲ್ಲ. ಅದೇ ಯಂತ್ರದ ಮೇಲೆ ಅವನು ರಾತ್ರಿಗಳಲ್ಲಿ ಮೂರು ಆಯಾಮದ ಚಿತ್ರಗಳನ್ನು ರಚಿಸಲು ಕಲಿಯುತ್ತಿದ್ದನೆಂಬುದು ತಂದೆಯ ಗಮನಕ್ಕೆ ಬಂದಿರಲಿಲ್ಲ. ನಾನು ಹೋದದ್ದು ಗುರುವಾರ. ಮೂರು ದಿನಗಳ ಗಡುವು ಇತ್ತು.

ಭಾವನವರಿಗೆ ಮೊದಲು ನಾನು ತಿಳಿಸಿದ ಸಂಗತಿಯನ್ನೇ ವಾಚಕರಿಗೂ ತಿಳಿಸುತ್ತೇನೆ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರು ಬಿಸಿಯಾಗುವುದು ರೋಗವಲ್ಲ, ಅದರ ಸ್ವಭಾವ. ಅದರೊಳಕ್ಕೆ ಹೋದ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿಯೇ ಹೊರಬೀಳಬೇಕು. ಅಳಿಯನ ಯಂತ್ರದಲ್ಲಿದ್ದದ್ದು 2020ರಲ್ಲಿ ಹೊರಬಂದ ರೈಜೆನ್ 7 5800ಎಕ್ಸ್ ಎಂಬುದು. ಅದು ಪೂರ್ಣ ಶ್ರಮದಲ್ಲಿರುವಾಗ 142 ವಾಟುಗಳವರೆಗೆ ವಿದ್ಯುತ್ತನ್ನು ಎಳೆದುಕೊಳ್ಳಬಲ್ಲುದು. ಅದರ ಬಹುಭಾಗವು ಸುಮಾರು 80 ಚದರ ಮಿಲಿಮೀಟರಿನ, ಎಂದರೆ ಹೆಬ್ಬೆರಳಿನ ಉಗುರಿಗಿಂತಲೂ ಚಿಕ್ಕದಾದ ಸಿಲಿಕಾನ್ ಚೂರಿನಲ್ಲಿ ಶಾಖವಾಗುತ್ತದೆ. ಹಿಂದಿನ ನೂರು ವಾಟಿನ ಬಲ್ಬನ್ನು ಬರಿಗೈಯಲ್ಲಿ ಮುಟ್ಟಿ ಕೈ ಸುಟ್ಟುಕೊಂಡವರು ಇದನ್ನು ಊಹಿಸಿಕೊಳ್ಳಬಲ್ಲರು.

ಇಷ್ಟಾದರೂ ಅದು ಸುಟ್ಟುಹೋಗುವುದಿಲ್ಲ. ಈ ಪ್ರೊಸೆಸರಿಗೆ ತಯಾರಕರು ವಿಧಿಸಿರುವ ಮಿತಿ 90 ಡಿಗ್ರಿ. ಆ ಮಿತಿ ಮುಟ್ಟಿದೊಡನೆ ಅದು ತಾನಾಗಿಯೇ ವೇಗವನ್ನು ತಗ್ಗಿಸಿ ತನ್ನನ್ನು ಕಾಪಾಡಿಕೊಳ್ಳುತ್ತದೆ. ಬಿಸಿಲಿನಲ್ಲಿ ನಡೆದ ಎತ್ತು ಹೆಜ್ಜೆಯನ್ನು ನಿಧಾನಗೊಳಿಸಿದ ಹಾಗೆ. ಚಿತ್ರ ಬಿಕ್ಕಳಿಸುತ್ತಿದ್ದುದು ಯಂತ್ರವು ಸತ್ತುದರ ಗುರುತಲ್ಲ. ಬದುಕಲು ಹೆಣಗುತ್ತಿದ್ದುದರ ಗುರುತು.

ಇನ್ನೊಂದು ಮಾತು. ಪರದೇಶದವರು "ನಮ್ಮ ಪ್ರೊಸೆಸರು 75 ಡಿಗ್ರಿ ದಾಟುವುದಿಲ್ಲ" ಎಂದು ಬರೆದುದನ್ನು ಓದಿ ನಮ್ಮ ಹುಡುಗರು ಕೊರಗುವುದುಂಟು. ಗಾಳಿಯಿಂದ ತಣಿಯುವ ಯಂತ್ರವು ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. 22 ಡಿಗ್ರಿಯ ಕೋಣೆಯಲ್ಲಿ 75 ತೋರುವ ಯಂತ್ರವೇ 36 ಡಿಗ್ರಿಯ ಕೋಣೆಯಲ್ಲಿ ಹೆಚ್ಚುಕಡಿಮೆ 89 ತೋರುವುದು. ಆದುದರಿಂದ ನೋಡತಕ್ಕದ್ದು ಪರದೆಯ ಮೇಲಿನ ಅಂಕಿಯನ್ನಷ್ಟೇ ಅಲ್ಲ. ಅದರಿಂದ ಕೋಣೆಯ ಉಷ್ಣತೆಯನ್ನು ಕಳೆದು ಉಳಿಯುವ ಅಂಕಿಯನ್ನು.

ಶುಕ್ರವಾರ ಬೆಳಗ್ಗೆ ನಾವಿಬ್ಬರೂ ಕೆಲಸಕ್ಕೆ ತೊಡಗಿದೆವು. ಅಳತೆಯಿಲ್ಲದೆ ಚಿಕಿತ್ಸೆಯಿಲ್ಲವಷ್ಟೆ. ಒಂದೇ ಆಟವನ್ನು ಕಾಲು ಗಂಟೆ ಆಡಿ ನೋಡಲು, ಉಷ್ಣತೆಯು 90ಕ್ಕೆ ಏರಿ ಅಲ್ಲಿಯೇ ನಿಂತಿತು. ಅದನ್ನು ಬರೆದುಕೊಂಡೆವು.

ಮೊದಲನೆಯದು ಧೂಳು. ವಿದ್ಯುತ್ತಿನ ತಂತಿಯನ್ನು ಕಿತ್ತು, ಯಂತ್ರವನ್ನು ಅಂಗಳಕ್ಕೆ ಒಯ್ದು, ಪಕ್ಕದ ಮುಚ್ಚಳ ತೆಗೆದೆವು. ಮುಂದಿನ ಜಾಲರಿಯ ಮೇಲೆ ಮೂರು ಬೇಸಿಗೆಗಳ ಧೂಳು ಕಂಬಳಿಯಂತೆ ಕುಳಿತಿತ್ತು. ಮೆತ್ತನೆಯ ಕುಂಚದಿಂದ ಸಡಿಲಿಸಿ, ಧೂಳು ಊದುವ ಚಿಕ್ಕ ಬ್ಲೋಯರಿನಿಂದ ಊದಿದೆವು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಅದು ಮಿತಿಮೀರಿ ತಿರುಗಿ ಕೆಡಬಹುದು. ಒಳಗಿನ ಭಾಗಗಳನ್ನು ಮುಟ್ಟುವ ಮೊದಲು ಪೆಟ್ಟಿಗೆಯ ಲೋಹವನ್ನೊಮ್ಮೆ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳುವುದು ಒಳ್ಳೆಯದು. ಫ್ಯಾನುಗಳ ದಿಕ್ಕನ್ನೂ ನೋಡಿದೆವು. ಮುಂಬಾಗಿಲಿನಿಂದ ಬಂದ ಗಾಳಿ ಹಿತ್ತಿಲ ಬಾಗಿಲಿನಿಂದ ಹೋಗುವಂತೆ, ಮುಂದಿನವು ಒಳಕ್ಕೆ ಎಳೆಯಬೇಕು, ಹಿಂದಿನದು ಹೊರಕ್ಕೆ ನೂಕಬೇಕು. ಅದು ಸರಿಯಾಗಿಯೇ ಇತ್ತು.

ಎರಡನೆಯದು ಲೇಪ. ಪ್ರೊಸೆಸರಿಗೂ ಅದರ ಮೇಲೆ ಕುಳಿತ ಲೋಹದ ಹೀಟ್‌ಸಿಂಕಿಗೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಅವುಗಳಲ್ಲಿನ ಗಾಳಿಯು ಶಾಖವನ್ನು ತಡೆಯುತ್ತದೆ. ಆ ಸಂದುಗಳನ್ನು ತುಂಬಲು ಹಚ್ಚುವುದೇ ಥರ್ಮಲ್ ಪೇಸ್ಟ್. ವರ್ಷಗಳು ಕಳೆದಂತೆ ಅದು ಒಣಗುತ್ತದೆ. ಈ ಜಾತಿಯ ಪ್ರೊಸೆಸರುಗಳಲ್ಲಿ ಒಂದು ಅಪಾಯವುಂಟು: ಒಣಗಿದ ಲೇಪವು ಅಂಟಿನಂತೆ ಹಿಡಿದು, ಹೀಟ್‌ಸಿಂಕನ್ನು ಮೇಲಕ್ಕೆಳೆದರೆ ಪ್ರೊಸೆಸರೇ ಕಿತ್ತು ಬಂದು ಅದರ ಸೂಕ್ಷ್ಮ ಕಾಲುಗಳು ಬಾಗಬಹುದು. ಆದಕಾರಣ ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗಾಗಿಸಿ, ಆರಿಸಿ, ಹೀಟ್‌ಸಿಂಕನ್ನು ಅತ್ತಿತ್ತ ಮೆಲ್ಲನೆ ಹೊರಳಿಸಿ ಬಿಡಿಸಿಕೊಳ್ಳಬೇಕು. ಹಳೆಯ ಲೇಪವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಬಟಾಣಿ ಕಾಳಿನಷ್ಟು ಹೊಸ ಲೇಪವನ್ನಿಟ್ಟು, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದೆವು.

ಸಂಜೆ ಮತ್ತೆ ಆಡಿ ನೋಡಿದೆವು. ಬಿಕ್ಕಳಿಕೆ ತುಸು ಕಡಿಮೆಯಾಗಿತ್ತು. ಆದರೆ ಉಷ್ಣತೆ 88! ಅಂಗಡಿಯವನನ್ನು ಬೆಳಗಿನಿಂದ ಹಳಿಯುತ್ತಿದ್ದ ನನಗೆ ನಾಲಗೆ ಒಣಗಿತು. ಭಾವನವರು ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ಹೊರಟುಹೋದರು. ಅದು ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು.

"ಎಲ್ಲಾ ಮಾಡಿ ಆಯಿತು. ಇನ್ನೇನು ಉಳಿಯಿತಪ್ಪಾ?" ಎಂದೆನು. ಅಳಿಯನು ನನ್ನ ಮುಖ ನೋಡಲಿಲ್ಲ. ಅವನ ದೃಷ್ಟಿಯು ಮೇಜಿನ ಕೆಳಭಾಗದ ಕಡೆಗೆ ಹೋಗಿ ಹಿಂದಕ್ಕೆ ಬಂದಿತು. ನಾನೂ ಅತ್ತ ನೋಡಿದೆನು.

ಅಲ್ಲಿ ತೇಗದ ಹಲಗೆಯ, ಮೂರು ಕಡೆ ಮುಚ್ಚಿದ, ಮುಂದೆ ಬಾಗಿಲಿದ್ದ ಒಂದು ಗೂಡು. ಹಿಂಬದಿಯು ಗೋಡೆಗೆ ತಾಗಿತ್ತು. ಯಂತ್ರವನ್ನು ಧೂಳು ತಾಗದಂತೆ ಅದರೊಳಗಿಟ್ಟು ಬಾಗಿಲು ಹಾಕುವುದು ಮನೆಯ ಪದ್ಧತಿ. ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಎರಡೂ ಕೂಡಿ ಆಟದ ಹೊತ್ತಿನಲ್ಲಿ ಸುಮಾರು 300 ವಾಟಿನ ಶಾಖವನ್ನು ಆ ಗೂಡಿನೊಳಕ್ಕೆ ಸುರಿಯುತ್ತಿದ್ದವು. ಹಿಂದಿನ ಫ್ಯಾನು ಹೊರಗೆ ನೂಕಿದ ಬಿಸಿಗಾಳಿಯನ್ನೇ ಮುಂದಿನ ಫ್ಯಾನುಗಳು ತಿರುಗಿ ಒಳಗೆಳೆಯುತ್ತಿದ್ದವು. ಅಂತಹ ಸ್ಥಿತಿಯಲ್ಲಿ ಹದಿನೈದು ಸಾವಿರದ ಉಪಕರಣ ಬಂದರೂ ಅದಕ್ಕೆ ಸಿಗುತ್ತಿದ್ದುದು ಅದೇ ಬಿಸಿಗಾಳಿ.

ಆ ಮೇಜನ್ನು ನಮ್ಮ ಬಡಗಿಯಿಂದ ಮಾಡಿಸಿ, ಲಾರಿಯಲ್ಲಿ ಹಾಕಿಸಿ ಕಲಬುರಗಿಗೆ ಕಳುಹಿಸಿದವನು ನಾನೇ. ಬಾಗಿಲು ಇರಲೇಬೇಕೆಂದು ಹಟ ಹಿಡಿದವನೂ ನಾನೇ.

"ನಿನಗೆ ಗೊತ್ತಿತ್ತೇನು?" ಎಂದು ಕೇಳಿದೆನು.

"ಗೊತ್ತಿತ್ತು ಮಾಮಾ. ನೀವು ಪ್ರೀತಿಲೆ ಮಾಡಿಸಿ ಕೊಟ್ಟಿದ್ದು. ಅದರ ಬಾಗಿಲಾ ಕೀಳಬೇಕು ಅಂತ ಹ್ಯಾಂಗ ಹೇಳಲಿ?"

ತಂದೆಯ ಮಾತಿಗೆ ಸಿಕ್ಕಿ ಯಂತ್ರವನ್ನೇ ಕಳೆದುಕೊಳ್ಳಲು ಸಿದ್ಧನಾಗಿದ್ದ ಹುಡುಗನು ಮಾವನ ಮನಸ್ಸಿಗೆ ನೋವಾದೀತೆಂದು ಸುಮ್ಮನಿದ್ದನು! ಆ ರಾತ್ರಿಯೇ ಸ್ಕ್ರೂಡ್ರೈವರು ಹಿಡಿದು ಬಾಗಿಲನ್ನು ನಾನೇ ಬಿಚ್ಚಿದೆನು. ಯಂತ್ರವನ್ನು ಗೂಡಿನಿಂದ ಹೊರತೆಗೆದು, ಗೋಡೆಯಿಂದ ಒಂದು ಗೇಣು ದೂರದಲ್ಲಿ, ಚಿಕ್ಕ ಮಣೆಯ ಮೇಲೆ ಇಟ್ಟೆವು. ಕಾಲು ಗಂಟೆಯ ಆಟದ ತರುವಾಯ ಉಷ್ಣತೆ 77.

ಶನಿವಾರ ಕೊನೆಯ ಕೆಲಸವನ್ನು ಅಳಿಯನೇ ಮಾಡಿದನು. ಯಂತ್ರದ ಬಯೋಸ್‌ನಲ್ಲಿ ಇಕೋ ಮೋಡ್ ಎಂಬ ಏರ್ಪಾಡುಂಟು. ಅದರಲ್ಲಿ 142 ವಾಟಿನ ಮಿತಿಯನ್ನು 88ಕ್ಕೆ ಇಳಿಸಬಹುದು. ಇದರಿಂದ ಆಟ ಮಂದವಾಗದೆ ಎಂದು ಕೇಳುವಿರಿ. ಕಡೆಯ ಸ್ವಲ್ಪ ವೇಗವನ್ನು ಗಿಟ್ಟಿಸಲು ವೋಲ್ಟೇಜನ್ನು ಬಹಳ ಏರಿಸಬೇಕಾಗುತ್ತದೆ; ಖರ್ಚಾಗುವ ವಿದ್ಯುತ್ತಾದರೋ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಅದೇ ವೇಗದಲ್ಲಿ ವೋಲ್ಟೇಜನ್ನು ನೂರಕ್ಕೆ ಹತ್ತರಷ್ಟು ಇಳಿಸಿದರೆ ನೂರರ ಖರ್ಚು 81ಕ್ಕೆ ಇಳಿಯುತ್ತದೆ. ಆಟದಲ್ಲಿ ನಮ್ಮ ಕಣ್ಣಿಗೆ ಭೇದವೇ ಕಾಣಲಿಲ್ಲ. ಉಷ್ಣತೆ 71ಕ್ಕೆ ಬಂದು ನಿಂತಿತು. ಕೋಣೆ ಅದೇ 36.

ಒಟ್ಟು ವೆಚ್ಚವೆಂದರೆ ಒಂದು ಚಿಕ್ಕ ಕೊಳವೆ ಲೇಪ, ಒಂದು ಕುಂಚ. ಬ್ಲೋಯರು ನೆರೆಮನೆಯದು. ನಮ್ಮಂತೆಯೇ ಕಷ್ಟಕ್ಕೆ ಸಿಕ್ಕ ವಾಚಕರು ನಾವು ಮಾಡಿದ ಕ್ರಮದಲ್ಲಿ ಮಾಡದಿರಲಿ. ಮೊದಲು ಗಾಳಿಯ ದಾರಿಯನ್ನು ನೋಡಿರಿ, ಬಳಿಕ ಧೂಳು, ಬಳಿಕ ವಿದ್ಯುತ್ತಿನ ಮಿತಿ, ಬಳಿಕ ಲೇಪ. ಹಣದ ಚೀಲಕ್ಕೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಬೇಸಿಗೆಯಲ್ಲಿ ಕೋಣೆಗೆ ನೀರಿನ ಏರ್ ಕೂಲರ್ ಇಟ್ಟರೆ ಯಂತ್ರಕ್ಕೂ ಹಿತವೇ. ಆದರೆ ಅದರ ಬಾಯನ್ನು ಯಂತ್ರದತ್ತ ತಿರುಗಿಸಬೇಡಿರಿ, ಹನಿ ಹಾರಬಹುದು.

ಭಾನುವಾರ ಕೊಳ್ಳುವವನು ಬಂದನು. ಭಾವನವರು ಅವನಿಗೆ ಚಹಾ ಕೊಡಿಸಿ, "ಮಾರೂದಿಲ್ಲ ಬಿಡ್ರಿ," ಎಂದು ಕಳುಹಿಸಿದರು. ಆಮೇಲೆ ಮಗನ ಕೋಣೆಗೆ ಹೋಗಿ, ಪರದೆಯ ಮೇಲೆ ಅವನು ರಚಿಸುತ್ತಿದ್ದ ಮನೆಯ ಚಿತ್ರವನ್ನು ಬಹಳ ಹೊತ್ತು ನಿಂತು ನೋಡಿದರು. ಬಿಚ್ಚಿದ ಬಾಗಿಲನ್ನು ಅಕ್ಕನು ಅಡಿಗೆಮನೆಯಲ್ಲಿ ಹಪ್ಪಳ ಒತ್ತುವುದಕ್ಕೆ ಇಟ್ಟುಕೊಂಡಿದ್ದಾಳೆ. ತೇಗದ ಹಲಗೆ, ಅದಕ್ಕೇ ಲಾಯಕ್ಕಾಗಿದೆಯಂತೆ.