ನೀರುನಾಯಿಗೆ ಕೊಟ್ಟ ಮಾತಿನ ಲೆಕ್ಕ ಒಪ್ಪಿಸಿ

ಹಂಪಿಯ ಬಂಡೆಗಳ ನಡುವೆ ನುಗ್ಗಿ ಕಂಪ್ಲಿ ಸೇರುವ ತುಂಗಭದ್ರೆಯ ಸುಮಾರು 34 ಕಿ.ಮೀ. ಹರಿವನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಆ ಘೋಷಣೆಗೆ ಹತ್ತು ವರ್ಷ ತುಂಬಿದೆ. ಅದರಿಂದ ಆಗಿದ್ದೇನು ಎಂಬ ವರದಿ ಈಗ ಜನರ ಮುಂದೆ ಬರಲೇಬೇಕು.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. ಸಿಡಿಮದ್ದು ಎಸೆದು ಮೀನು ಕೊಲ್ಲುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಮೀಸಲು ಪ್ರದೇಶದಲ್ಲಿ ಸ್ಫೋಟಕ, ವಿಷ ಬಳಸುವುದನ್ನು ವನ್ಯಜೀವಿ ಕಾಯ್ದೆಯೂ ತಡೆಯುತ್ತದೆ. ಒಂದು ಸ್ಫೋಟಕ್ಕೆ ಮರಿಮೀನೂ ಸಾಯುತ್ತದೆ; ನಷ್ಟ ನೀರುನಾಯಿಗಷ್ಟೇ ಅಲ್ಲ, ಹರಿಗೋಲಿನಲ್ಲಿ ಬಲೆ ಬೀಸಿ ಬದುಕುವ ಬಡ ಮೀನುಗಾರನಿಗೂ. ಹಾಗಿದ್ದರೆ ದಾಖಲಾದ ಪ್ರಕರಣಗಳೆಷ್ಟು? ಶಿಕ್ಷೆಯಾಗಿದ್ದು ಎಷ್ಟರಲ್ಲಿ? ನೀರುನಾಯಿಗಳು ಹೆಚ್ಚಿವೆಯೇ, ಕಡಿಮೆಯಾಗಿವೆಯೇ?

ಉತ್ತರ ಹೇಳಬೇಕಾದವರು ಹಲವರು. ಅರಣ್ಯ, ಮೀನುಗಾರಿಕೆ, ಪೊಲೀಸ್, ಗಣಿ ಇಲಾಖೆಗಳಿಗೆ ಇಲ್ಲಿ ಕೆಲಸವಿದೆ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಇದೇ ಹರಿವು ಬಳ್ಳಾರಿ, ಕೊಪ್ಪಳ ಸೇರಿ ಮೂರು ಜಿಲ್ಲೆಗಳಿಗೆ ಹಂಚಿಹೋಗಿದೆ. ಗ್ರಾಮ ಪಂಚಾಯಿತಿ ಪ್ರತಿನಿಧಿಗಳಿರುವ ನಿರ್ವಹಣಾ ಸಮಿತಿಗೆ ಕಾಯ್ದೆಯಲ್ಲೇ ಜಾಗವಿದ್ದರೂ ಅದಕ್ಕಿರುವುದು ಸಲಹೆ ಕೊಡುವ ಅಧಿಕಾರ ಮಾತ್ರ.

ಲೆಕ್ಕ ಕೇಳದಿದ್ದರೆ ಏನಾಗುತ್ತದೆಂದು ಬಳ್ಳಾರಿ ಜಿಲ್ಲೆಯ ಗಣಿನಾಡು ಸಂಡೂರು ತೋರಿಸಿದೆ. 1957ರ ಗಣಿ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಎರಡೂ ಜಾರಿಯಲ್ಲಿದ್ದಾಗಲೇ ಅಲ್ಲಿನ ಗುಡ್ಡಗಳ ಲೂಟಿ ನಡೆಯಿತು. ಲೋಕಾಯುಕ್ತರ ಅಂತಿಮ ವರದಿ, ಸುಪ್ರೀಂ ಕೋರ್ಟ್‌ನ ತಡೆ ಬಂದದ್ದು 2011ರಲ್ಲಿ, ಅದಿರು ಹಡಗು ಹತ್ತಿ ಹೋದ ಮೇಲೆ.

ಹೀಗೆ ಲೆಕ್ಕ ಕೇಳಿದರೆ ಮರುಪರಿಶೀಲನೆಯ ಹೆಸರಲ್ಲಿ ಕಾನೂನನ್ನೇ ಸಡಿಲಿಸುತ್ತಾರೆ ಎಂಬ ಅಂಜಿಕೆ ಪರಿಸರ ಹೋರಾಟಗಾರರಿಗಿದೆ. ಅದು ಸಕಾರಣವೇ. ಪರಿಸರ ಕಾಯ್ದೆಗಳನ್ನು ಮರುಪರಿಶೀಲಿಸಿದ 2014ರ ಟಿ.ಎಸ್.ಆರ್. ಸುಬ್ರಮಣಿಯನ್ ಸಮಿತಿಯ ಶಿಫಾರಸುಗಳಿಗೆ ಇದೇ ಆಕ್ಷೇಪ ಎದುರಾಯಿತು. ಮರುವರ್ಷ ಸಂಸದೀಯ ಸಮಿತಿ ಅವನ್ನು ಒಪ್ಪಲಿಲ್ಲ. ಆದರೆ ನಾನು ಕೇಳುತ್ತಿರುವುದು ಬೇರೆ: ಕಾಯ್ದೆ ಬದಲಿಸುವ ಸಮಿತಿಯಲ್ಲ, ಜಾರಿ ಮಾಡಬೇಕಾದವರ ಉತ್ತರದಾಯಿತ್ವ. ಬ್ರಿಟನ್ನಿನಲ್ಲಿ 2008ರಿಂದ, ಕಾಯ್ದೆಯಾಗಿ ಮೂರರಿಂದ ಐದು ವರ್ಷಕ್ಕೆ ಅದು ಹೇಗೆ ನಡೆದಿದೆಯೆಂದು ಇಲಾಖೆಯೇ ಸಂಸತ್ತಿನ ಸಮಿತಿಗೆ ವರದಿ ಕೊಡುವ ಪದ್ಧತಿಯಿದೆ.

ನಮ್ಮ ವಿಧಾನಮಂಡಲವೂ ಇದನ್ನು ಮಾಡಬಲ್ಲದು. ಐದು ವರ್ಷಕ್ಕೊಮ್ಮೆ ಪ್ರಕರಣ, ಶಿಕ್ಷೆ, ಖರ್ಚು, ಪ್ರಾಣಿಗಣತಿ ಎಲ್ಲವೂ ಇರುವ ವರದಿ ಸದನಕ್ಕೆ ಬರಲಿ. ನದಿದಂಡೆಯ ಗ್ರಾಮಸಭೆಗಳಲ್ಲಿ ಅದನ್ನು ಕನ್ನಡದಲ್ಲಿ ಓದಿ, ಮೀನುಗಾರರ ಮಾತು ದಾಖಲಿಸಲಿ. ತಪ್ಪಿದ ಅಧಿಕಾರಿ ಅಲ್ಲೇ ಉತ್ತರಿಸಲಿ. ಮೊದಲ ವರದಿ ಈ ಮೀಸಲಿನದ್ದೇ ಆಗಲಿ.