ಸದ್ದಿನ ಮೇಲೂ ಡಾಕ್ಟರೇಟ್ ಮಾಡಬಹುದು

ಪಿಎಚ್.ಡಿ. ಅಂದರೆ ದಪ್ಪ ರಟ್ಟಿನ ಒಂದು ಪುಸ್ತಕ, ಅದನ್ನು ಪೂರ್ತಿ ಓದುವವರು ಪರೀಕ್ಷಕರು ಮಾತ್ರ. ಇದು ನಮ್ಮ ಸ್ಟಾಫ್ ರೂಮುಗಳ ಹಳೆಯ ತಮಾಷೆ. ಆದರೆ ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಸಂಶೋಧಕರು ತಾವೇ ರಚಿಸಿದ ಕೃತಿಗಳನ್ನು ಒಪ್ಪಿಸಿ, ಜೊತೆಗೆ ಅವುಗಳನ್ನು ವಿವರಿಸುವ ಪ್ರಬಂಧ ಕೊಡುತ್ತಾರೆ. ಪರೀಕ್ಷಕರು ಓದಬೇಕು, ಕೇಳಲೂ ಬೇಕು. "ಇದೂ ಒಂದು ಓದಾ ಮಾಷ್ಟ್ರೇ?" ಎನ್ನುವ ಹೆತ್ತವರಿಗೆ ನಮ್ಮ ಉತ್ತರ: ಹೌದು, ಗಟ್ಟಿ ಓದೇ.

ಯಾಕೆಂದು ನೋಡಿ. ಎಡಗಡೆಯ ಸದ್ದು ಬಲಗಿವಿಗೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು ತಡವಾಗಿ ತಲುಪುತ್ತದೆ. ಮೆದುಳು ಅಷ್ಟರಲ್ಲೇ ದಿಕ್ಕು ಹಿಡಿಯುತ್ತದೆ. ದೂರ ತಿಳಿಯುವುದಕ್ಕೆ ಬೇರೆ ಲೆಕ್ಕ. ಸಭಾಭವನದಲ್ಲಿ ಆಟದ ಚೆಂಡೆಯ ಹತ್ತಿರ ಕೂತರೆ ಪೆಟ್ಟು ನೇರ ಕಿವಿಗೆ ಬಡಿಯುತ್ತದೆ. ಹಿಂದಿನ ಸಾಲಿಗೆ ಹೋದಷ್ಟೂ ನೇರ ಪೆಟ್ಟು ತೆಳುವಾಗಿ, ಗೋಡೆಗೆ ತಾಗಿ ಬರುವ ಅನುರಣನದ ಪಾಲು ಹೆಚ್ಚುತ್ತದೆ. ಇಂಥ ಲೆಕ್ಕಗಳನ್ನೇ ಕಂಪ್ಯೂಟರಿಗೆ ಕಲಿಸಿ, ನಾಲ್ಕೇ ಸ್ಪೀಕರುಗಳ ನಡುವೆ ಸದ್ದು ಓಡಾಡುವಂತೆ ಮಾಡುವ ವಿಧಾನವನ್ನು ಅಮೆರಿಕದ ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ 1971ರಲ್ಲಿ ಪ್ರಕಟಿಸಿದರು.

ಸಿನಿಮಾ ಮಂದಿರದಲ್ಲಿ ಯಾವ ಸದ್ದು ಎಲ್ಲಿಂದ ಬರಬೇಕೆಂದು ಮೊದಲೇ ನಿಶ್ಚಯವಾಗಿರುತ್ತದೆ. ಸಂವಾದಿ ಧ್ವನಿಯಲ್ಲಿ ಹಾಗಲ್ಲ. ಕೇಳುವವನು ತಲೆ ತಿರುಗಿಸಿದ, ನಾಲ್ಕು ಹೆಜ್ಜೆ ನಡೆದ ಎಂದರೆ ಆ ಕ್ಷಣದಲ್ಲೇ ಮರುಲೆಕ್ಕ ಆಗಬೇಕು. ಚೂರು ತಡವಾದರೂ ಮಾಯೆ ಒಡೆಯಿತು. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಇಂಥ ಕೆಲಸಕ್ಕೆಂದೇ ಕಟ್ಟಿದ ಕೇಂದ್ರವೊಂದಿದೆ. 2004ರಲ್ಲಿ ಅದನ್ನು ಉದ್ಘಾಟಿಸಿದವರು ಜರ್ಮನಿಯ ಸಂಗೀತಕಾರ ಸ್ಟಾಕ್‌ಹೌಸನ್. ಅಲ್ಲಿನ ಪ್ರಯೋಗಾಲಯದ ನೆಲ ಬರೀ ಜಾಲರಿ; ಕಾಲ ಕೆಳಗಿನಿಂದಲೂ ಸ್ಪೀಕರುಗಳು ನುಡಿಯುತ್ತವೆ!

ಈ ಚೌನಿಂಗ್ ಎಂಜಿನಿಯರ್ ಅಲ್ಲ, ತಾಳವಾದ್ಯ ನುಡಿಸುತ್ತಿದ್ದ ಸಂಗೀತ ವಿದ್ಯಾರ್ಥಿ. ಮ್ಯಾಕ್ಸ್ ಮ್ಯಾಥ್ಯೂಸ್ 1963ರಲ್ಲಿ ಬರೆದ ಒಂದು ಲೇಖನ ಓದಿ ಕಂಪ್ಯೂಟರಿನ ಬೆನ್ನು ಹತ್ತಿದರು. 1967ರಲ್ಲಿ ಸ್ವರದ ಕಂಪನವನ್ನು ಹೆಚ್ಚಿಸುತ್ತಾ ಹೋದಾಗ ಅದು ಕಂಪನವಾಗಿ ಉಳಿಯದೆ ಹೊಸ ನಾದವೇ ಆಯಿತು. ಅದನ್ನು ಗುರುತಿಸಿದ್ದು ಅವರ ಕಿವಿ. ಇಷ್ಟಾದರೂ ವಿಶ್ವವಿದ್ಯಾಲಯ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. ಆಮೇಲೆ ಯಮಾಹಾ ಕಂಪನಿ ಆ ತಂತ್ರದಲ್ಲಿ ಆಸಕ್ತಿ ತೋರಿದಾಗ ಅವರನ್ನೇ ವಾಪಸು ಕರೆಸಿಕೊಂಡಿತು. 1983ರ ಡಿಎಕ್ಸ್7 ಕೀಬೋರ್ಡ್ ಆ ತಂತ್ರದ್ದೇ. ಅದರ ಪೇಟೆಂಟಿನಿಂದ ಸ್ಟ್ಯಾನ್‌ಫರ್ಡಿಗೆ ಕೋಟಿಗಟ್ಟಲೆ ಡಾಲರ್ ಬಂತು. ಲಾಭ ಕಾಣುವವರೆಗೆ ಸಂಗೀತಗಾರನ ಸಂಶೋಧನೆಗೆ ಬೆಲೆ ಇಲ್ಲ ಎಂಬುದು ಅಲ್ಲಿಯದೂ ಕಥೆ.

ನಮ್ಮ ಮಕ್ಕಳ ವಿಷಯಕ್ಕೆ ಬಂದರೆ, ಈ ಓದಿಗೆ ಕೆಲಸ ಗ್ಯಾರಂಟಿ ಎಂದು ನಾವು ಹೇಳುವುದಿಲ್ಲ. ನಮ್ಮ ತಕರಾರು ಬೇರೆ. ಹತ್ತನೇ ಕ್ಲಾಸು ಮುಗಿದು ಪ್ಲಸ್ ವನ್ ಅರ್ಜಿ ತುಂಬುವ ದಿನ, ಚೆನ್ನಾಗಿ ಹಾಡುವ ಮಗುವಿಗೆ "ಇನ್ನು ಸಂಗೀತ ಸಾಕು, ಸಯನ್ಸ್ ಓದು" ಎನ್ನುತ್ತೇವಲ್ಲ, ಅದು ಬೇಡ. ಲೆಕ್ಕದಲ್ಲಿ ಹುಷಾರಿರುವ ಚೆಂಡೆಯ ಹುಡುಗ ಎರಡನ್ನೂ ಹಿಡಿದುಕೊಳ್ಳಲಿ. ಕನ್ನಡ ಮಾಧ್ಯಮ ಇದಕ್ಕೆ ಅಡ್ಡಿಯೂ ಅಲ್ಲ; ತರಂಗದೂರ, ಆವೃತ್ತಿ, ಅನುರಣನ ಎಂದು ಕಲಿತವನಿಗೆ ಇಂಗ್ಲಿಷ್ ಹೆಸರು ಆಮೇಲೆ ಬರುತ್ತದೆ, ಕಿವಿ ಬೇರೆಯಾಗುವುದಿಲ್ಲ.

ಕಲಿಯಲು ಬೇಕಾದ ಪ್ಯೂರ್ ಡೇಟಾ, ಸೂಪರ್‌ಕೊಲೈಡರ್ ಎಂಬ ತಂತ್ರಾಂಶಗಳು ಉಚಿತ. ಎರಡೂ ಲಿನಕ್ಸಿನಲ್ಲಿ ನಡೆಯುತ್ತವೆ, ಕೇರಳದ ನಮ್ಮ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದೂ ಅದೇ. ಇನ್ನು ಬೇಕಾದ್ದು ಒಂದು ಇಯರ್‌ಫೋನ್. ಎರಡೂ ಕಿವಿಗೆ ಕೇಳುವಂಥದ್ದೇ ತನ್ನಿ, ಒಂದೇ ಕಡೆ ಕೇಳಿದರೆ ಈ ಪಾಠ ನಡೆಯುವುದಿಲ್ಲ.